ಬೆಂಚಿನ ಮೇಲೆ ಕಾದ ಬ್ಯಾಡ್ಜುಗಳು

ಅಪ್ಪ,

ಓದೋಕೆ ನೀನಿಲ್ಲ ಅಂತಲೇ ಇದನ್ನ ಬರೆಯೋ ಧೈರ್ಯ ಬಂತು.

ಇವತ್ತು ವಿಚಾರಣಾ ಸಮಿತಿ ಮುಂದೆ ಆಸ್ಪತ್ರೆ ಪರ ವಕೀಲೆಯಾಗಿ ಮಾತಾಡಿದೆ. ನಿನ್ನ ಜೊತೆ ಎಕ್ಸ್‌ರೇ ರೂಮಲ್ಲಿ ದುಡಿದ ನರ್ಸಮ್ಮನಿಗೆ ರಕ್ತದ ಕ್ಯಾನ್ಸರ್. ದಿನಾ ಚೂರುಚೂರೇ ತಗುಲಿದ ವಿಕಿರಣದಿಂದ ಬಂತು ಅಂತ ಅವರ ವಾದ. ಅಷ್ಟು ಕಮ್ಮಿಗೆ ಬರುತ್ತೋ ಇಲ್ಲವೋ ಅಂತ ತಿಳಿದವರೇ ಇನ್ನೂ ಕಿತ್ತಾಡ್ತಿದಾರೆ. ನಾನು ಮಾತ್ರ ಮೈಗೆ ತಗುಲಿದ ವಿಕಿರಣ ಅಳೆಯೋಕೆ ನೀವಿಬ್ಬರೂ ಎದೆಗೆ ಸಿಕ್ಕಿಸಿಕೊಳ್ತಿದ್ದ ಬ್ಯಾಡ್ಜಿನ ದಾಖಲೆ ತೋರಿಸಿ, "ಮೂವತ್ತು ವರ್ಷಕ್ಕೆ ಇವರ ಮೈಗೆ ತಗುಲಿದ್ದು ಇಷ್ಟೇ" ಅಂದೆ. ನಿನ್ನನ್ನ ಯಾವ ಕಾಯಿಲೆ ತಗೊಂಡು ಹೋಯ್ತು ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನರ್ಸಮ್ಮ ಮೆತ್ತಗೆ ಕೇಳಿದ್ರು, "ಪುಟ್ಟಿ, ಮಕ್ಕಳು ರಚ್ಚೆ ಹಿಡಿದಾಗ ನಮ್ಮ ಬ್ಯಾಡ್ಜು ಎಲ್ಲಿರ್ತಿತ್ತು?"

ನೆನಪಿಲ್ಲ ಅಂತ ತಲೆ ತಗ್ಗಿಸಿದೆ.

ಮಿಸುಕಾಡೋ ಮಕ್ಕಳನ್ನ ನೀವಿಬ್ಬರೇ ಒಳಗೆ ನಿಂತು ಹಿಡ್ಕೋತಿದ್ರಿ. ಅಂಕಿ ಏರಿದ್ರೆ ಆ ಕೆಲಸದಿಂದ ತೆಗೀತಾರೆ ಅಂತ ಬ್ಯಾಡ್ಜು ಬಿಚ್ಚಿಡ್ತಿದ್ರಿ. ಶಾಲೆ ಬಿಟ್ಟು ಬಂದು ಹೊರಗೆ ಬೆಂಚಲ್ಲಿ ಕೂತ ನನಗೆ ಕೊಟ್ಟು, "ಜೋಪಾನ ಕಣೇ" ಅಂತಿದ್ದೆ ನೀನು.

ಸಮಿತಿ ನನ್ನ ಮಾತನ್ನೇ ಒಪ್ಪಿತು. ಆ ದಾಖಲೇಲಿ ಬರೆದಿರೋ ಅಂಕಿ ನಿಮ್ಮ ಮೈದಲ್ಲ ಅಪ್ಪ, ನನ್ನ ಅಂಗೈದು.