ಸೇತುವೆಯಾಚೆಯ ಕೆಮ್ಮು

ಫೆಬ್ರವರಿ 4, ಬೆಳಿಗ್ಗೆ
ಕಾಫಿ, ಪತ್ರಿಕೆ, ಎಂದಿನಂತೆ ಸಿಟ್ಟು. ನಗರದ ಟಿಬಿ ನಕ್ಷೆ ಅಚ್ಚಾಗಿದೆ. ಸೇತುವೆಯ ಈಚೆಗೆ ನಾವು — ಕಡುಗೆಂಪು. ಆಚೆಗೆ ತಂಗಿಯ ಬಡಾವಣೆ — ಹಸಿರು. ಒಬ್ಬ ರೋಗಿಯೂ ಇಲ್ಲವಂತೆ. ಮುಂದಿನ ತಿಂಗಳು ಆ ಬಡಾವಣೆಗೆ 'ಕ್ಷಯಮುಕ್ತ' ಫಲಕ ಬೇರೆ. ಗಾಳಿಗೆ ಸೇತುವೆ ದಾಟಲು ಪರವಾನಗಿ ಬೇಕೇನೋ! ನಾನು ಚಿಕ್ಕವಳಿದ್ದಾಗ ಆಚೆಗೂ ಎಕ್ಸ್-ರೇ ವ್ಯಾನ್ ಬರುತ್ತಿತ್ತು. ಸಾಲಾಗಿ ನಿಲ್ಲಿಸಿ ಹುಡುಕುತ್ತಿದ್ದರು, ಸಿಗುತ್ತಿತ್ತು. ವ್ಯಾನ್ ನಿಂತಿತು. ರೋಗವೂ ನಿಂತಿತು — ಕಾಗದದಲ್ಲಿ.

ಫೆಬ್ರವರಿ 9
ತಂಗಿ ಬಂದಿದ್ದಳು. ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು. ಸೊರಗಿದ್ದಾಳೆ. ಬಹಳ ದಿನದ ಕೆಮ್ಮಂತೆ.
"ಕಫ ಟೆಸ್ಟ್ ಮಾಡಿಸಿದ್ಯಾ?"
"ಕ್ಲಿನಿಕ್ಕಲ್ಲಿ ಕೇಳ್ದೆ ಅಕ್ಕಾ. ನಮ್ಮ ಏರಿಯಾದಲ್ಲಿ ಟಿಬಿ ಇಲ್ವಲ್ಲ, ಸಿರಪ್ ಸಾಕು ಅಂದ್ರು."
ಎಂಥ ತರ್ಕ! ಇವಳ ಸೊಸೆ ಕೆಲಸಕ್ಕೆ ಹೋಗುತ್ತಾಳೆ. ಪುಟ್ಟ ಮೊಮ್ಮಗಳು ಇಡೀ ದಿನ ಇವಳ ಮಡಿಲಲ್ಲೇ.
"ನಾಳೆಯೇ ಹೋಗು. ಜಗಳ ಮಾಡಾದ್ರೂ ಟೆಸ್ಟ್ ಮಾಡಿಸು."
"ಜಗಳ ನಿನ್ನ ಡಿಪಾರ್ಟ್‌ಮೆಂಟು" ಎಂದು ನಕ್ಕಳು. ನಗು ಕೆಮ್ಮಾಯಿತು.

ಫೆಬ್ರವರಿ 21
ಫೋನ್. "ಅದೇ ಅಂತೆ ಅಕ್ಕಾ." ಹಟಮಾಡಿ ಅದೇ ಕ್ಲಿನಿಕ್ಕಿನಲ್ಲಿ ಟೆಸ್ಟ್ ಮಾಡಿಸಿದ್ದಾಳೆ. ಮಾತ್ರೆ ಶುರುವಾಗಿದೆ, ವಾಸಿಯಾಗುತ್ತದಂತೆ. ಮಗು? "ಮನೆಗೇ ಬಂದು ಎಲ್ಲರನ್ನೂ ನೋಡ್ತಾರಂತೆ." ಸದ್ಯ.

ಮಾರ್ಚ್ 6, ಮಧ್ಯಾಹ್ನ
ಬಾಗಿಲಲ್ಲಿ ನಮ್ಮ ಬೀದಿಯ ಆರೋಗ್ಯ ಕಾರ್ಯಕರ್ತೆ.
"ಪೇಷೆಂಟ್ ಒಳಗಿದ್ದಾರಾ ಆಂಟಿ? ಮನೇಲಿ ಚಿಕ್ಕ ಮಕ್ಕಳು?"
"ಯಾವ ಪೇಷೆಂಟಮ್ಮ? ಇಲ್ಲಿರೋದು ನಾನು, ನನ್ನ ಬಾಯಿ, ಇಬ್ರೇ."
ತಂಗಿಯ ಹೆಸರು ಹೇಳಿದಳು. ವಿಳಾಸ — ನನ್ನದು!
ತಂಗಿಗೆ ಫೋನ್ ಮಾಡಬೇಕು.

ಸಂಜೆ
ಫೋನಿನಲ್ಲಿ ತಂಗಿ ಅತ್ತಳು. "ಡಾಕ್ಟ್ರೇ ಹೇಳಿದ್ರು ಅಕ್ಕಾ. ಆ ಕಡೆ ನೆಂಟರಿದ್ರೆ ಅವರ ವಿಳಾಸ ಬರೆಸಿ, ಇಲ್ಲಿ ಫಲಕ ಬರೋದಿದೆ ಅಂತ. ನನ್ನಿಂದ ಫಲಕ ತಪ್ಪಿದ್ರೆ ಬೀದೀಲಿ ತಲೆ ಎತ್ತೋದು ಹೇಗೆ? ಪಕ್ಕದ ಮನೆಯವರೂ ನಿಮ್ಮ ಕಡೆ ಇರೋ ಅಳಿಯನ ವಿಳಾಸ ಕೊಟ್ಟಿದ್ದಾರೆ."
ದೇವರೇ. ನಕ್ಷೆಯ ನಮ್ಮ ಕೆಂಪಿನಲ್ಲಿ ಅವರ ರೋಗಿಗಳೆಷ್ಟೋ! ಒಂಟಿಯಾಗಿರುವ ನನ್ನನ್ನು ಪರೀಕ್ಷಿಸಲು ಬಂದರು. ಮಗುವಿನ ಕಡೆ ಯಾರೂ ತಲೆ ಹಾಕಿಲ್ಲ.
"ಮಗು ಹೇಗಿದೆ?"
"ಚೆನ್ನಾಗಿದೆ... ಸಂಜೆ ಹೊತ್ತು ಒಂಚೂರು ಜ್ವರ. ಊಟ ಸೇರ್ತಿಲ್ಲ. ಅಷ್ಟೇ."
ಅಷ್ಟೇ!

ಮಾರ್ಚ್ 7
ತಂಗಿಯ ಕಡೆಯ ಕ್ಲಿನಿಕ್. ಬೆಂಚಿನ ಮೇಲೆ ಕುಳಿತು ಗೀಚುತ್ತಿದ್ದೇನೆ. ಮಗು ನನ್ನ ತೊಡೆಯ ಮೇಲೆ — ಭಾರವೇ ಇಲ್ಲ. ಇವತ್ತೇ ಫಲಕದ ಸಮಾರಂಭವಂತೆ, ಅಂಗಳದ ತುಂಬ ಕುರ್ಚಿ, ಕುರ್ಚಿಯ ತುಂಬ ಅವಳ ಬೀದಿಯವರು. ತಂಗಿ ಗೇಟಿನ ಹೊರಗೇ ನಿಂತಿದ್ದಾಳೆ.
ಡಾಕ್ಟರು ಮೆತ್ತಗೆ: "ಮೇಡಂ, ಕೇಸು ನಿಮ್ಮ ಕಡೇದು. ಮಗೂನೂ ಅಲ್ಲಿಗೇ ಕರ್ಕೊಂಡ್ಹೋಗಿ."
"ಇದು ಮಲಗೋದು ಇಲ್ಲಿ, ಕಾಯಿಲೆಯವಳ ಪಕ್ಕ. ವಿಳಾಸ ಸರಿಮಾಡಿ, ಇಲ್ಲೇ ನೋಡಿ. ಆ ಮನೆಯವರನ್ನೆಲ್ಲ ನೋಡಿ."
"ನೀವು ಹೇಳಿದ್ರೆ ಆಗುತ್ತಾ? ಪೇಷೆಂಟೇ ಬಂದು ಹೇಳ್ಲಿ." ಅವಳು ಬರಲಾರಳು ಎಂಬ ಧೈರ್ಯ ಆತನಿಗೆ. ನನಗೂ ಅದೇ ಭಯ.
ಗೇಟು ಸದ್ದಾಯಿತು. ಅವಳೇ. ಕುರ್ಚಿಗಳ ನಡುವೆಯೇ ಬರುತ್ತಿದ್ದಾಳೆ, ಎಲ್ಲರೂ ನೋಡುತ್ತಿದ್ದಾರೆ. ಮಾಸ್ಕ್ ಬಿಗಿಮಾಡಿಕೊಂಡಳು. ಮೊದಲು ಕೆಮ್ಮು. ಆಮೇಲೆ, ಇಡೀ ಅಂಗಳಕ್ಕೆ ಕೇಳುವಂತೆ, ತನ್ನ ಮನೆಯ ನಂಬರು, ಬೀದಿಯ ಹೆಸರು ಹೇಳಿದಳು.