ಕಲ್ಲುಮನೆಯ ಕುಂಕುಮ

ಅಕ್ಕನಿಗೆ ಪುಟ್ಟಲಿಂಗಮ್ಮನ ನಮಸ್ಕಾರ.

ಇವತ್ತು ಸೋಮವಾರದ ಒಪ್ಪತ್ತು. ಕಲ್ಲು ಅಳೆಯಲು ಬಂದಿರುವ ಕಾಲೇಜಿನವರಿಗೆ ಉಪ್ಪಿಟ್ಟು ಮಾಡಿಟ್ಟು, ಪಾತ್ರೆ ತೊಳೆದು, ಈಗ ಕೂತೆ. ಫೋನಿನಲ್ಲಿ ನಿನಗೆ ಕಿವಿ ಕೇಳುವುದಿಲ್ಲವೆಂದು ಕಾರ್ಡು ಬರೆಯುತ್ತಿದ್ದೇನೆ.

ಈ ಬೆಟ್ಟದ ಮೇಲೆ ನಮ್ಮ ಚಾಮರಾಜಪೇಟೆಯ ವಠಾರದ ಹಾಗೆ ಸಾಲಾಗಿ ಕಲ್ಲುಮನೆಗಳಿವೆ. ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಹೊದಿಸಿದ್ದಾರೆ. ಬಾಗಿಲಿಲ್ಲ, ಒಂದು ದುಂಡನೆಯ ಕಿಂಡಿ ಅಷ್ಟೆ. ಕಟ್ಟಿದವರು ಯಾರೋ ಯಾರಿಗೂ ತಿಳಿಯದು. ನಾನು ಅಮ್ಮನವರ ಗುಡಿ ಎಂದುಕೊಂಡು ಮೊನ್ನೆ ಕಿಂಡಿಯ ಮುಂದೆ ದೀಪ ಹಚ್ಚಿದೆ. ನಮ್ಮ ಯಶಶ್ರೀಯ ಹೆರಿಗೆ ಸುಸೂತ್ರವಾಗಲಿ ಎಂದು ಬೇಡಿ, ಅಲ್ಲಿಟ್ಟ ಕುಂಕುಮವನ್ನೇ ಅವಳ ಸೀಮಂತಕ್ಕೆಂದು ಪೊಟ್ಟಣ ಕಟ್ಟಿಕೊಂಡೆ.

ಕುರಿ ಕಾಯುವ ಮುದುಕಿ ನೀಲವ್ವ ನೋಡಿ ನಕ್ಕಳು. "ಅದು ಗುಡಿ ಅಲ್ಲ ತಂಗಿ, ಸತ್ತೋರ ಮನಿ!"

ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಯಾಕ ಅಂಜತಿ? ಅವರೂ ಯಾರದೋ ಹಿರೇರು. ಬಸರಿ ಹೆಣ್ಮಗಳಿಗೆ ಹಿರೇರು ಕೆಟ್ಟದ್ದು ಬಯಸ್ತಾರೇನು?" ಎಂದಳು.

ತಲೆಗೆ ಸ್ನಾನ ಮಾಡಿದರೂ ಮನಸ್ಸು ತಿಳಿಯಾಗಿಲ್ಲ. ಕುಂಕುಮ ಚೆಲ್ಲಲೂ ಕೈ ಬರುತ್ತಿಲ್ಲ. ಮಗಳು ನಿನ್ನವಳು, ನೀನೇ ಹೇಳು: ತರಲೋ, ಅಲ್ಲೇ ಇಟ್ಟು ಬರಲೋ? ಬೆಟ್ಟ ಹತ್ತಿ ಇಳಿದು ಮಂಡಿ ನೋವು ಜಾಸ್ತಿಯಾಗಿದೆ, ಸಾಕಾಗಿದೆ. ಬೇಗ ಬರೆ. ಅಂಚೆಯವನು ಮೇಲೆ ಬರುವುದಿಲ್ಲ. ಕೆಳಗಿನ ಊರಿಗೆ ಹೋದಾಗ ನಿನ್ನ ಉತ್ತರ ತಂದುಕೊಡು ಎಂದು ಆ ನೀಲವ್ವನನ್ನೇ ಕೇಳಿಕೊಂಡಿದ್ದೇನೆ. ನೀನು ಏನು ಬರೆದೆ ಎಂದು ಓದಿ ಹೇಳಿದರೆ ಮಾತ್ರ ತರುತ್ತಾಳಂತೆ.