ಮೊದಲ ಮಾತು ಯಾವ ವಯಸ್ಸಿನಲ್ಲಿ

ಜೂನ್ 10, ಮಂಗಳವಾರ. ಸಂಜೆ 5

ಬೆಳಗಿನ ಶಿಫ್ಟ್ ಮುಗಿಸಿ ಬಂದೆ. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಎಂದಿನ ಜಾಮ್. ಮೂವತ್ತು ವರ್ಷ ಕಂಡಕ್ಟರ್ ಆಗಿರುವವನಿಗೂ ಅಲ್ಲಿ ಬಸ್ಸು ಯಾಕೆ ನಿಲ್ಲುತ್ತದೆ ಅಂತ ಗೊತ್ತಿಲ್ಲ. ಇರಲಿ, ವಿಷಯ ಅದಲ್ಲ.

ಮನೆಗೆ ಬಂದರೆ ಮಗಳು ಪ್ರಿಯದರ್ಶಿನಿ ಕೂತು ಬೀನ್ಸ್ ಬಿಡಿಸುತ್ತಿದ್ದಾಳೆ. ಶಿವಾಜಿನಗರದ ಔಷಧಿ ಹೋಲ್‌ಸೇಲ್ ಅಂಗಡಿಗೆ ಟ್ರಯಲ್ ಮೇಲೆ ಸೇರಿ ಇಂದು ನಾಲ್ಕನೇ ದಿನ. ಪಿಯುಸಿ ಮುಗಿದ ಮೇಲೆ ಸಿಕ್ಕ ಮೊದಲ ಕೆಲಸ.

“ಯಾಕವ್ವಾ, ಹೋಗಲಿಲ್ಲೇನು?”

“ಬರ್ಬೇಡ ಅಂದ್ರು.”

ಕೈಯಲ್ಲಿದ್ದ ಬ್ಯಾಗು ಅಲ್ಲೇ ಬಿತ್ತು. ಮಾಲಕಿ ಬಿಲ್ಕೀಸ್ ಅವರಿಗೆ ಫೋನ್ ಹಚ್ಚಿದೆ. ಅವರು ಮೊದಲು ನಕ್ಕರು. ಆಮೇಲೆ ನಗು ನಿಂತಿತು. ಸೂಪರ್‌ವೈಸರ್ ಮುಬೀನ್ ನಿನ್ನೆ ಅಂದಿದ್ದನಂತೆ — “ಒಂದು ವಾರದ ಕೆಲಸ ಮೂರ್ ದಿನಕ್ಕೆ ಮುಗಿಸ್ಬಿಟ್ಟೆ ತಾಯಿ, ನಾಳೆಯಿಂದ ಬರ್ಲೇಬೇಡ.” ಹೊಗಳಿಕೆ. ಇವಳು ಹೋಗಲಿಲ್ಲ.

ನಾಳೆ ನನ್ನ ವೀಕ್ಲಿ ಆಫ್. ಬರಬೇಕಂತೆ. ಮಾತಾಡಬೇಕಂತೆ.

ಜೂನ್ 11, ಬುಧವಾರ

ಕಾಲೇಜಿನಲ್ಲಿ ಪ್ರೆಸಿ ರೈಟಿಂಗ್ ಅಂತ ಒಂದಿತ್ತು. ದೊಡ್ಡದನ್ನು ಮೂರನೇ ಒಂದು ಭಾಗಕ್ಕೆ ಇಳಿಸುವುದು. ನನಗೆ ಬರಲೇ ಇಲ್ಲ, ಬಿ.ಎ. ಅಲ್ಲಿಗೇ ನಿಂತಿತು. ಆದರೂ ಇಂದು ನಡೆದದ್ದನ್ನು ಹಾಗೆ ಇಳಿಸಲು ಪ್ರಯತ್ನ ಮಾಡುತ್ತೇನೆ.

ಬಿಲ್ಕೀಸ್ ಟೀ ತರಿಸಿದರು. ಗಾಜಿನ ಆಚೆ ಮಗಳು ಡಬ್ಬಗಳ ತಾರೀಖು ನೋಡುತ್ತಿದ್ದಳು.

“ಕೆಲಸದಲ್ಲಿ ತಕರಾರಿಲ್ಲ ಭಾಯ್. ಎಕ್ಸ್‌ಪೈರಿ ಆಗಿರೋ ಹನ್ನೊಂದು ಡಬ್ಬ ಹುಡುಕಿದ್ಲು. ಆರು ವರ್ಷದಿಂದ ಇರೋರ ಕಣ್ಣಿಗೆ ಬಿದ್ದಿರ್ಲಿಲ್ಲ. ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಇವಳನ್ನ ಡಾಕ್ಟರ್‌ಗೆ ತೋರ್ಸಿದ್ದೀರಾ?”

“ಜ್ವರ ಬಂದಾಗ ತೋರಿಸ್ತೀವಿ.”

“ಜ್ವರಕ್ಕಲ್ಲ. ಆಟಿಸಂ ಅಂತಾರಲ್ಲ, ಅದಕ್ಕೆ. ನಮ್ಮಕ್ಕನ ಮಗ ಹೀಗೇ. ಸೇಮ್ ಟು ಸೇಮ್.”

ಟೀ ಮೇಲೆ ಕೆನೆ ಕಟ್ಟಿತು. ಅವರೇ ಮುಂದುವರಿಸಿದರು. ಜುಲೈ ಒಂದರಿಂದ ಪಕ್ಕಾ ಕೆಲಸ. ಡಾಕ್ಟರ ಪೇಪರ್ ಇದ್ದರೂ ಉಂಟು, ಇಲ್ಲದಿದ್ದರೂ ಉಂಟು. “ಆದ್ರೆ ಸೇರೋಕ್ಕೆ ಮುಂಚೆ ತೋರ್ಸಿದ್ರೆ ನಾನು ಇಲ್ಲಿರೋರಿಗೆ ಹೇಳಬಹುದು — ಇವಳ ಹತ್ರ ತಮಾಷೆ ಬೇಡ, ಸೀದಾ ಮಾತಾಡಿ ಅಂತ. ಇಲ್ದಿದ್ರೆ ಜಂಭದವಳು ಅಂತ ಇವ್ರೇ ಓಡಿಸ್ತಾರೆ. ನಮ್ಮಕ್ಕನ ಮಗನ್ನ ಮೂರ್ ಕಡೆ ಓಡಿಸಿದ್ರು.”

ಹದಿನೆಂಟು ವರ್ಷದ ಮಗಳು ದಿನಾ ಕಣ್ಣೆದುರಿಗೇ ಇದ್ದಾಳೆ. ಹೊರಗಿನ ಒಬ್ಬರು ನಾಲ್ಕು ದಿನದಲ್ಲಿ ಕಂಡರು.

ಅವಳ ತಾಯಿ ತೀರಿದ ದಿನ ನೆನಪಾಯಿತು. ಎಲ್ಲರೂ ಅಳುತ್ತಿದ್ದರು. ಇವಳು ನಾಗರತ್ನಾಳ ಸೀರೆಗಳನ್ನು ಬಣ್ಣದ ಪ್ರಕಾರ ಮಡಚಿ ಇಡುತ್ತಿದ್ದಳು. ಕಲ್ಲು, ಅಂದರು ಹೆಂಗಸರು. ನಾನೂ ಅಂದುಕೊಂಡೆ.

ಜೂನ್ 12

ನಮ್ಮ ಬಸ್ಸಿನ ಡ್ರೈವರ್ ಈರೇಶನಿಗೆ ಹೇಳಿದೆ. ರಾಯಚೂರಿನವನು, ಬಾಯಿಗೆ ಬೀಗ ಇಲ್ಲ.

“ಅಣ್ಣಾ, ಹುಡುಗಿಗೆ ಚೀಟಿ ಅಂಟಸಬ್ಯಾಡ. ನಾಳೆ ಹೆಣ್ಣು ನೋಡಾಕ ಬಂದವ್ರು ಮೊದಲು ಚೀಟಿ ಓದ್ತಾರ, ಆಮ್ಯಾಲ ಮುಖ. ನಮ್ಮ ಡಿಪೋದಾಗ ಅರ್ಧ ಮಂದಿ ಹಂಗೇ ಅದಾರ, ಯಾವನರ ತೋರಿಸ್ಯಾನೇನು?”

ನಕ್ಕೆ. ಹಲಸೂರು ದಾಟುವಷ್ಟರಲ್ಲಿ ನಗು ಹೋಯಿತು.

ಜೂನ್ 19

ಆಸ್ಪತ್ರೆಗೆ ಹೋಗಿ 27ಕ್ಕೆ ಹೆಸರು ಬರೆಸಿದೆ. ಬೇಡವಾದರೆ ಹೋಗದಿದ್ದರಾಯಿತು. ನಾಲ್ಕು ಪುಟದ ಫಾರ್ಮ್ ಕೊಟ್ಟರು. ಡೆವಲಪ್‌ಮೆಂಟಲ್ ಹಿಸ್ಟರಿ, ಮಗು ಬೆಳೆದು ಬಂದ ಬಗೆ. ಹಿಸ್ಟರಿ ನನ್ನ ಮೇಜರ್ ಆಗಿತ್ತು.

ಜೂನ್ 22, ಭಾನುವಾರ. ಬೆಳಿಗ್ಗೆ 11

ರಜೆ ಹಾಕಿ ಫಾರ್ಮ್ ತುಂಬುತ್ತಿದ್ದೇನೆ. ಮಗಳು ಹುಟ್ಟಿದಾಗ ಮರ್ಫಿ ಟೌನಿನಲ್ಲಿ ಒಂದೇ ಕೋಣೆ ನಮಗೆ. ನಾಗರತ್ನಾ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ಕೂಸು ನಾಲ್ಕು ವರ್ಷದ ತನಕ ಶಹಾಪುರದಲ್ಲಿ ಅವಳ ತವರಲ್ಲೇ ಇತ್ತು. ನಮ್ಮ ಕಡೆಯ ಎಲ್ಲರೂ ಹಾಗೇ ಮಾಡುತ್ತಿದ್ದರು.

ಒಂದು ಕಾಲಂ ಮಾತ್ರ ಖಂಡಿತ ಗೊತ್ತು. ಮೊದಲ ಮಾತು ಯಾವ ವಯಸ್ಸಿನಲ್ಲಿ, ಯಾವ ಮಾತು. ಭಾನುವಾರಕ್ಕೊಮ್ಮೆ ಫೋನ್. ಹದಿನೈದು ತಿಂಗಳಿದ್ದಾಗ ಅತ್ತಿ, ನಾಗರತ್ನಾಳ ತಾಯಿ, ಫೋನನ್ನು ಕೂಸಿನ ಬಾಯಿಗೆ ಹಿಡಿದರು. “ಅಪ್ಪಾ” — ಸ್ಪಷ್ಟ. ಅಂದು ಬಸ್ಸಿನಲ್ಲಿದ್ದವರಿಗೆಲ್ಲ ಹೇಳಿದ್ದೆ. ಕಪ್ಪು ಇಂಕಿನಲ್ಲಿ ಬರೆದೆ.

ಮಾತು ತಡವಾಗಿತ್ತೇ ಅಂತಲೇ ಡಾಕ್ಟರು ನೋಡುವುದು. ತಡವಾಗಿಲ್ಲ. ದೇರ್‌ಫೋರ್ — ಜಾಮಿಟ್ರಿಯ ಮೂರು ಚುಕ್ಕೆ — ಏನೂ ಇಲ್ಲ. ಮನಸ್ಸು ಹಗುರ. 27ಕ್ಕೆ ಹೋಗುವುದು ಬೇಡ. ಆದರೂ ಮೊದಲು ಹೆಜ್ಜೆ ಇಟ್ಟದ್ದು ಯಾವಾಗ ಅಂತ ಅತ್ತಿಯನ್ನು ಒಂದು ಮಾತು ಕೇಳಿ ಫಾರ್ಮ್ ಪೂರ್ತಿ ಮಾಡುತ್ತೇನೆ. ಅರ್ಧ ಬಿಡುವುದು ನನ್ನಿಂದಾಗದು.

ಅದೇ ದಿನ, 3 ಗಂಟೆ

ಶಹಾಪುರಕ್ಕೆ ಫೋನ್ ಹಚ್ಚಿದೆ.

ಅತ್ತಿ, ಜಟ್ಟೆಮ್ಮ, ಎಪ್ಪತ್ತಾರು ವರ್ಷ. ಮೊದಲ ಮಾತಿನ ಸುದ್ದಿ ಎತ್ತಿದೆ, ಖುಷಿಗೆ. ಅತ್ತ ಬಾಗಿಲು ಹಾಕಿದ ಸದ್ದು. ಆಮೇಲೆ —

“ಫೋನಿನ್ಯಾಗ ಮಾತಾಡಿದ್ದು ಪ್ರಿಯಾ ಅಲ್ರಿ ಅಳಿಯಾರೆ. ನಮ್ಮ ಮಗನ ಮಗಳು. ಪ್ರಿಯಾ ನಾಕ ವರ್ಷದ ತನಕ ಬಾಯಿ ಬಿಟ್ಟಿಲ್ಲ. ನೀವು ಬಂದಾಗ ಮಲಗ್ಯಾಳ ಅಂತಿದ್ವಿ, ಇಲ್ಲಾ ಹೊಲಕ್ಕ ಕಳಸ್ತಿದ್ವಿ.”

“ಯಾರು ಹೇಳಿದ್ರು ಹಂಗ ಮಾಡ್ರಿ ಅಂತ?”

“ನಾಗರತ್ನಾನೇ.”

“ಯಾಕ?”

“ನಿಮ್ಮಣ್ಣನ ಮಗಗ ಮಾತು ಬರಲಿಲ್ಲಂತ ತಾಯಿ ಮಗ ಇಬ್ಬರಿಗೂ ತವರಿಗಿ ಕಳಸಿದ್ರಲ್ಲ. ಆ ಟೆಂಪೋಕ್ಕ ಸಾಮಾನು ಏರಿಸಿದವ್ರು ನೀವೇ ಅಲ್ಲೇನ್ರಿ? ನನ್ನ ಮಗಳು ಬಾಗಲದಾಗ ನಿಂತು ನೋಡ್ಯಾಳ.”

ಏರಿಸಿದ್ದೆ. ಒಂದು ಕಬ್ಬಿಣದ ಟ್ರಂಕು, ಎರಡು ಕೊಡ. ಅಣ್ಣ ಹೇಳಿದ, ಏರಿಸಿದೆ.

ಹದಿನೈದು ವರ್ಷ ಒಂದೇ ಮನೆಯಲ್ಲಿದ್ದು ನಾಗರತ್ನಾ ನನಗೆ ಅಂಜಿ

ಜೂನ್ 24

ಡ್ಯೂಟಿ. ಇಂದಿರಾನಗರದಲ್ಲಿ ಹತ್ತಿದವರಿಗೆ ಟಿಕೆಟ್ ಕೊಡುವುದನ್ನೇ ಮರೆತೆ. ಮೂವತ್ತು ವರ್ಷದಲ್ಲಿ ಮೊದಲ ಸಲ.

ಜೂನ್ 25, ಬುಧವಾರ

ಊಟವಾದ ಮೇಲೆ ಮಗಳಿಗೆ ಹೇಳಿದೆ. ಅಳುತ್ತಾಳೆ ಅಂದುಕೊಂಡಿದ್ದೆ. ತಟ್ಟೆ ಒರೆಸುತ್ತಿದ್ದಳು.

“ಗೊತ್ತು. ಅಕ್ಕ ಮಾತಾಡ್ತಿದ್ಲು. ನನ್ನ ಮಂಚದ ಕೆಳಗೆ ಕೂರಿಸ್ತಿದ್ರು. ನೀನು ಪ್ರತಿ ಸಲ ‘ಊಟ ಆಯ್ತೇನವ್ವಾ’ ಅಂತಿದ್ದೆ. ಅವಳು ‘ಆಯ್ತು’ ಅಂತಿದ್ಲು. ನಂದು ಆಗಿರ್ತಿರ್ಲಿಲ್ಲ.”

ಅವಳ ಎದುರಿಗೆ ಕೂತೆ.

“ಇಷ್ಟು ದಿನ ಯಾಕವ್ವಾ ಹೇಳಲಿಲ್ಲ?”

“ನೀನು ಕೇಳ್ಲಿಲ್ಲ.”

ನಿಜ. ಬಿಲ್ಕೀಸ್ ಹೇಳಿದ್ದು ಕೇಳಿದೆ, ಈರೇಶನದು ಕೇಳಿದೆ, ಶಹಾಪುರಕ್ಕೂ ಫೋನ್ ಮಾಡಿದೆ. ಆರು ಅಡಿ ದೂರ ಇದ್ದವಳನ್ನು ಕೇಳಿರಲಿಲ್ಲ. ಕೇಳಿದೆ — ಆಸ್ಪತ್ರೆಗೆ ಹೋಗೋಣವೋ, ಬೇಡವೋ?

“ಹೋಗೋಣ. ಕೆಲಸಕ್ಕೆ ಸೇರೋಕ್ಕೆ ಮುಂಚೆ.”

“ಮುಂದೆ ಮದುವೆ ಅಂತ ಬಂದಾಗ—”

“ಅದು ಫಾರ್ಮಲ್ಲಿ ಇಲ್ಲ.” ತಟ್ಟೆ ಇಟ್ಟಳು. “ಮುಬೀನ್ ಅಣ್ಣ ಹೇಳೋದು ನಿಜಾನಾ ತಮಾಷೆನಾ ಅಂತ ದಿನಾ ಯೋಚನೆ ಮಾಡ್ಬೇಕು. ಅದೇ ಸುಸ್ತಾಗೋದು. ಡಬ್ಬ ಎಣಿಸಿದ್ರೆ ಸುಸ್ತಾಗಲ್ಲ. ಆದ್ರೆ ಅಂಗಡೀಲಿ ನಾನೇ ಹೇಳ್ತೀನಿ. ನೀನೂ ಹೇಳ್ಬೇಡ, ಬಿಲ್ಕೀಸ್ ಮೇಡಂ ಕೂಡ ಬೇಡ.”

ಫಾರ್ಮ್ ತೋರಿಸಿದೆ. ಇಂಕಿನಲ್ಲಿ ಬರೆದುಬಿಟ್ಟಿದ್ದೇನೆ, ಹೊಸ ಫಾರ್ಮ್ ಕೇಳಬೇಕೇನೋ ಅಂದೆ.

“ಟಿಕೆಟ್ ಲೆಕ್ಕದ ವೇಬಿಲ್‌ನಲ್ಲಿ ತಪ್ಪಾದ್ರೆ ಏನ್ ಮಾಡ್ತೀಯ?”

ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ. ತಪ್ಪು ಕಾಣುವಂತೆಯೇ ಇರಬೇಕು, ಅಳಿಸಬಾರದು, ಅದು ರೂಲು. ಗೆರೆ ಎಳೆದೆ. ಸಹಿ ಮಾಡಿದೆ. ‘ಅಪ್ಪಾ’ ಇನ್ನೂ ಓದಲು ಬರುತ್ತದೆ.

ಜೂನ್ 27, ಶುಕ್ರವಾರ. 10.40. ಆಸ್ಪತ್ರೆ

ಟೋಕನ್ 23 ಒಳಗೆ ಹೋಯಿತು. ನಮ್ಮದು 24. ಪ್ರಿಯದರ್ಶಿನಿ ಗದ್ದಲ ಕೇಳದಂತೆ ಕಿವಿಗೆ ಹತ್ತಿ ಇಟ್ಟುಕೊಂಡು ಪಕ್ಕದಲ್ಲಿ ಕೂತಿದ್ದಾಳೆ. ನಾನು ಫಾರ್ಮಿನ ಮೇಲೆ ಈ ಡೈರಿ ಇಟ್ಟು ಬರೆಯುತ್ತಿದ್ದೇನೆ.

ವಯಸ್ಸಿನ ಕಾಲಂನಲ್ಲಿ ನಾಲ್ಕು ವರ್ಷ ಅಂತ ಬರೆದಾಗಿದೆ. ಯಾವ ಮಾತು ಅನ್ನುವುದು ಖಾಲಿ. ಅತ್ತಿಗೆ ನೆನಪಿಲ್ಲವಂತೆ.

ಈಗ ಕೇಳಿದೆ. “ನಿನಗೇನರ ನೆನಪದೇನವ್ವಾ?”

“ಇದೆ. ನಿಂಗೆ ಇಷ್ಟ ಆಗಲ್ಲ.”

“ಇರಲಿ. ಹೇಳು, ಬರ್ಕೋತೀನಿ.”

ತಲೆಯಾಡಿಸಿದಳು. ತಾನೇ ಬರೆಯುತ್ತಾಳಂತೆ. ಫಾರ್ಮ್ ಎಳೆದುಕೊಂಡಳು. ಇರುವುದು ನಾನು ಬರೆಯುತ್ತಿರುವ ಈ ಒಂದೇ ಪೆನ್ನು, ಕೈ ಚಾಚಿದ್ದಾಳೆ, ಕೊಡಬೇ